ಪಿಕಪ್ ಟ್ರಕ್ಕಿಗೆ ಕಟ್ಟಿಸಿದ ರನ್ನಿಂಗ್ ಬೋರ್ಡ್: ದೋಷದ ಮೂಲ ಪತ್ತೆಹಚ್ಚುವ ಕೈಪಿಡಿ

ವರ್ಕ್‌ಶಾಪಿನಲ್ಲಿ ಪೈಪು, ಪಟ್ಟಿ, ತಗಡುಗಳನ್ನು ಸೇರಿಸಿ ಕಟ್ಟಿದ ರನ್ನಿಂಗ್ ಬೋರ್ಡಿನ, ಎಂದರೆ ಬಾಗಿಲ ಕೆಳಗೆ ಕಾಲಿಟ್ಟು ಹತ್ತುವ ಹಲಗೆಯ, ತೊಂದರೆಗಳು ಮೇಲ್ನೋಟಕ್ಕೆ ಹಲವು ಬಗೆಯವಾಗಿ ಕಾಣುತ್ತವೆ. ಕಾಲಿಟ್ಟ ಕೂಡಲೇ ಹಲಗೆ ಬಾಗುತ್ತದೆ, ಹಳ್ಳಕೊಳ್ಳದ ರಸ್ತೆಯಲ್ಲಿ ಕಟಕಟ ಸದ್ದು ಕೇಳುತ್ತದೆ, ಬಿಗಿದ ಬೋಲ್ಟು ಕೆಲವೇ ವಾರಗಳಲ್ಲಿ ಸಡಿಲವಾಗುತ್ತದೆ, ಬೆಸುಗೆಯ ಪಕ್ಕದಲ್ಲಿ ಕೂದಲೆಳೆ ಬಿರುಕು ಮೂಡುತ್ತದೆ. ಆದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಮೂಲ ಹಲಗೆಯಲ್ಲಿ ಇರುವುದಿಲ್ಲ. ಕಾಲಿನ ಭಾರ ಬ್ರಾಕೆಟ್ಟಿನ (ಹಲಗೆಯನ್ನು ಹೊರುವ ಆಸರೆಯ) ಮೂಲಕ ಚಾಸಿಗೆ (ವಾಹನದ ತಳದ ಚೌಕಟ್ಟಿಗೆ) ಸೇರುವ ಜಾಗದಲ್ಲಿ ಇರುತ್ತದೆ. ಹಲಗೆ ಅಲ್ಲಾಡುತ್ತಿದೆ ಎಂದು ಹಲಗೆಗೇ ಇನ್ನೊಂದು ಪಟ್ಟಿ ಬೆಸೆಯುವುದು ಎಲ್ಲೆಡೆ ಕಾಣುವ ದುರಸ್ತಿ. ಅದರಿಂದ ತೂಕ ಹೆಚ್ಚುತ್ತದೆ, ಬ್ರಾಕೆಟ್ಟಿನ ಬುಡದ ಮೇಲಿನ ಹೊರೆ ಇನ್ನಷ್ಟಾಗುತ್ತದೆ, ದೋಷ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಆದ್ದರಿಂದ ಈ ಕೈಪಿಡಿ ಮೊದಲು ಅಳೆಯುವುದಕ್ಕೆ, ಆಮೇಲೆ ಬಿಚ್ಚುವುದಕ್ಕೆ, ಎಲ್ಲಕ್ಕಿಂತ ಕೊನೆಗೆ ಬೆಸೆಯುವುದಕ್ಕೆ ಹೇಳುತ್ತದೆ.

ಇಲ್ಲಿ ಗಮನದಲ್ಲಿರುವುದು ಪ್ರತ್ಯೇಕ ಚಾಸಿಯ ಮೇಲೆ ಕ್ಯಾಬಿನ್ ಕೂರಿಸಿದ ಪಿಕಪ್ ವಾಹನಗಳು. ಇಂಥ ವಾಹನದಲ್ಲಿ ಕ್ಯಾಬಿನ್ನು ರಬ್ಬರ್ ಮೌಂಟುಗಳ ಮೇಲೆ ಕುಳಿತಿರುತ್ತದೆ, ಹಿಂದಿನ ಸರಕುತೊಟ್ಟಿ ಬೇರೆಯಾಗಿಯೇ ಚಾಸಿಗೆ ಬಿಗಿದಿರುತ್ತದೆ. ಹೀಗಾಗಿ ಕ್ಯಾಬಿನ್, ತೊಟ್ಟಿ, ಚಾಸಿ ಮೂರೂ ಓಡುವಾಗ ಒಂದಕ್ಕೊಂದು ಸಂಬಂಧಿಸಿದಂತೆ ಅಷ್ಟಿಷ್ಟು ಅಲುಗಾಡುತ್ತವೆ. ಬಾಡಿಯೇ ಚೌಕಟ್ಟಾಗಿರುವ, ಪ್ರತ್ಯೇಕ ಚಾಸಿಯಿಲ್ಲದ ಪಿಕಪ್‌ಗಳಲ್ಲಿ ಹಲಗೆಯನ್ನು ಬಾಡಿಯ ಕೆಳಗಿನ ಗಟ್ಟಿ ಅಂಚಿಗೇ ಬಿಗಿಯಬೇಕಾಗುತ್ತದೆ. ಅಳತೆಯ ಕ್ರಮ ಅಲ್ಲಿಯೂ ಇದೇ, ಚಾಸಿ ಎಂದಿರುವಲ್ಲಿ ಬಾಡಿಯ ಆ ಅಂಚು ಎಂದು ತಿಳಿದುಕೊಳ್ಳಬೇಕು.

ಬಿಚ್ಚುವ ಮುನ್ನ

ವಾಹನವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡಗಟ್ಟೆ ಇಡಬೇಕು. ಕೆಳಗೆ ತೂರಿ ನೋಡಬೇಕಾದರೆ ಬರಿಯ ಜಾಕಿನ ಆಸರೆಯಲ್ಲಿ ಎಂದಿಗೂ ತೂರಬಾರದು. ಜಾಕ್ ಸ್ಟ್ಯಾಂಡ್‌ಗಳನ್ನು ಚಾಸಿಗೆ ಕೊಟ್ಟ ಮೇಲೆಯೇ ಇಳಿಯಬೇಕು. ರನ್ನಿಂಗ್ ಬೋರ್ಡಿನ ಅಂಚಿಗೆ ಜಾಕ್ ಕೊಟ್ಟು ವಾಹನ ಎತ್ತುವ ಅಭ್ಯಾಸ ಯಾರಿಗಾದರೂ ಇದೆಯೇ ಎಂಬುದನ್ನೂ ಇದೇ ಹಂತದಲ್ಲಿ ಕೇಳಿ ತಿಳಿಯಬೇಕು, ಏಕೆಂದರೆ ಹಲವು ಬ್ರಾಕೆಟ್ಟುಗಳು ಮೇಲ್ಮುಖವಾಗಿ ಡೊಂಕಾಗಿರುವುದಕ್ಕೆ ಕಾರಣ ಅದೇ.

ಅನಂತರ ದೋಷ ಯಾವಾಗ ಕಾಣಿಸುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ನಿಂತ ವಾಹನದಲ್ಲಿ ಕಾಲಿಟ್ಟಾಗ ಮಾತ್ರ ಬರುವ ಕಿರುಗುಟ್ಟುವ ಸದ್ದಿನ ದಾರಿ ಬೇರೆ, ಓಡುವಾಗ ಮಾತ್ರ ಬರುವ ಸದ್ದಿನ ದಾರಿ ಬೇರೆ. ಮೊದಲನೆಯದು ಭಾರ ಬಿದ್ದಾಗ ಎರಡು ಲೋಹದ ಮೈಗಳು ಒಂದರ ಮೇಲೊಂದು ಜಾರುತ್ತಿವೆ ಎಂಬುದರ ಗುರುತು. ಎರಡನೆಯದರಲ್ಲಿ ಕ್ಯಾಬಿನ್ ಮತ್ತು ಚಾಸಿಯ ನಡುವಣ ಚಲನೆ, ಅಥವಾ ಹಲಗೆಯ ಸ್ವಂತ ಕಂಪನ ಸೇರಿಕೊಂಡಿರಬಹುದು. ಎಂಜಿನ್ನು ನಿಧಾನಗತಿಯಲ್ಲಿ ತಿರುಗುತ್ತಿರುವಾಗಲೇ ಹಲಗೆ ಗುಂಯ್‌ಗುಡುತ್ತಿದ್ದು, ಕೈಯಿಟ್ಟು ಒತ್ತಿದರೆ ನಿಲ್ಲುವುದಾದರೆ, ಅದು ಸಡಿಲಿಕೆಯಲ್ಲ. ಬ್ರಾಕೆಟ್ಟುಗಳ ನಡುವಣ ಅಂತರ ಹೆಚ್ಚಾಗಿ ಹಲಗೆ ಎಂಜಿನ್ನಿನ ಕಂಪನಕ್ಕೆ ತಾಳ ಸೇರಿಸುತ್ತಿದೆ ಎಂದರ್ಥ.

ಅಳತೆ: ಯಾವುದು ಯಾವುದರಿಂದ ದೂರ ಸರಿಯುತ್ತಿದೆ

ಹಲಗೆ ಎಷ್ಟು ಬಾಗುತ್ತದೆ ಎಂಬುದನ್ನು ನೆಲದಿಂದ ಅಳೆಯಬಾರದು. ಒಬ್ಬ ವ್ಯಕ್ತಿ ಹಲಗೆಯ ಮೇಲೆ ನಿಂತಾಗ ಇಡೀ ವಾಹನ ಆ ಪಕ್ಕಕ್ಕೆ ವಾಲುತ್ತದೆ, ಸ್ಪ್ರಿಂಗು ಕುಗ್ಗುತ್ತದೆ, ಟೈರು ಅದುಮಿಕೊಳ್ಳುತ್ತದೆ. ನೆಲದಿಂದ ಅಳೆದವರಿಗೆ ಇವೆಲ್ಲವೂ ಸೇರಿ ಹಲಗೆಯ ದೋಷವಾಗಿ ಕಾಣುತ್ತದೆ, ಗಟ್ಟಿಮುಟ್ಟಾದ ಬ್ರಾಕೆಟ್ಟನ್ನು ಸುಮ್ಮನೆ ಕತ್ತರಿಸಿ ಹಾಕುವ ಪರಿಸ್ಥಿತಿ ಬರುತ್ತದೆ. ಅಳತೆಯನ್ನು ಬಾಗಿಲ ಕೆಳಗಿನ ಬಾಡಿ ಅಂಚಿನಿಂದ ಹಲಗೆಗೆ, ಹಾಗೆಯೇ ಚಾಸಿಯಿಂದ ಬ್ರಾಕೆಟ್ಟಿಗೆ ತೆಗೆದುಕೊಳ್ಳಬೇಕು.

ಅಳೆಯುವ ಜಾಗಗಳು ಮೂರು: ಹಲಗೆಯ ಹೊರ ಅಂಚು, ಹಲಗೆಯ ಒಳ ಅಂಚು, ಮತ್ತು ಬ್ರಾಕೆಟ್ಟಿನ ಬುಡ, ಎಂದರೆ ಬ್ರಾಕೆಟ್ಟಿನ ತಟ್ಟೆ ಚಾಸಿಗೆ ತಾಗುವ ಮೇಲಂಚು. ಮೊದಲ ಎರಡಕ್ಕೆ ಉಕ್ಕಿನ ಅಳತೆಪಟ್ಟಿ ಸಾಕು. ಬುಡಕ್ಕೆ ಡಯಲ್ ಗೇಜ್ (ಅತಿ ಸಣ್ಣ ಸರಿತವನ್ನೂ ಮುಳ್ಳಿನಿಂದ ತೋರಿಸುವ ಉಪಕರಣ) ಇದ್ದರೆ ಉತ್ತಮ, ಇಲ್ಲವಾದರೆ ಫೀಲರ್ ಗೇಜಿನ (ಸಂದಿನ ಅಗಲ ಅಳೆಯುವ ಲೋಹದ ಎಲೆಗಳ ಕಟ್ಟಿನ) ತೆಳು ಎಲೆಯೊಂದನ್ನು ತಟ್ಟೆಯ ಮೇಲಂಚಿನಲ್ಲಿ ತೂರಿಸಿ ನೋಡಬಹುದು. ಹಲಗೆ ಖಾಲಿಯಿರುವಾಗ ಒಮ್ಮೆ, ಬ್ರಾಕೆಟ್ಟಿನ ನೇರಕ್ಕೆ ಒಬ್ಬರು ನಿಂತಾಗ ಒಮ್ಮೆ, ಎರಡು ಬ್ರಾಕೆಟ್ಟುಗಳ ನಡುವೆ ನಿಂತಾಗ ಮತ್ತೊಮ್ಮೆ, ಅವರು ಇಳಿದ ಮೇಲೆ ಕೊನೆಯದಾಗಿ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಬೇಕು. ಇಳಿದ ಮೇಲಿನ ಅಳತೆ ಮೊದಲಿನದಕ್ಕೆ ಹೊಂದದಿದ್ದರೆ ಎಲ್ಲಿಯೋ ಲೋಹ ಶಾಶ್ವತವಾಗಿ ಬಾಗಿದೆ, ಅಥವಾ ಕೀಲೊಂದು ಜಾರಿ ಅಲ್ಲಿಯೇ ನಿಂತಿದೆ.

ಈ ಅಂಕಿಗಳನ್ನು ಓದುವ ಬಗೆ ಹೀಗೆ. ಹೊರ ಅಂಚು ಬಹಳ ಇಳಿದು ಒಳ ಅಂಚು ಸ್ವಲ್ಪವೇ ಇಳಿದರೆ, ಹಲಗೆ ತಿರುಚಿಕೊಳ್ಳುತ್ತಿದೆ ಅಥವಾ ಬ್ರಾಕೆಟ್ಟು ಬುಡದಿಂದ ತಿರುಗುತ್ತಿದೆ. ಎರಡೂ ಅಂಚುಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದರೆ, ಅದೂ ನಡುವೆ ನಿಂತಾಗ ಮಾತ್ರ ಇಳಿದರೆ, ಬ್ರಾಕೆಟ್ಟುಗಳ ನಡುವೆ ಹಲಗೆಯೇ ತೊಲೆಯಂತೆ ಬಾಗುತ್ತಿದೆ. ಬ್ರಾಕೆಟ್ಟಿನ ನೇರಕ್ಕೆ ನಿಂತಾಗಲೂ ಒಂದೇ ರೀತಿ ಇಳಿಯುವುದಾದರೆ ಹಲಗೆಯನ್ನು ಬಿಟ್ಟು ಬ್ರಾಕೆಟ್ಟಿನತ್ತ ನೋಡಬೇಕು. ಬುಡದಲ್ಲಿ ಕಾಣುವ ಅತಿ ಸಣ್ಣ ಸಂದನ್ನೂ ಕಡೆಗಣಿಸಬಾರದು: 100 ಮಿಲಿಮೀಟರ್ ಎತ್ತರದ ತಟ್ಟೆಯ ಮೇಲಂಚು ಅರ್ಧ ಮಿಲಿಮೀಟರ್ ತೆರೆದುಕೊಂಡರೆ, 400 ಮಿಲಿಮೀಟರ್ ದೂರದಲ್ಲಿರುವ ಹೊರ ಅಂಚು ಅದೊಂದರಿಂದಲೇ 2 ಮಿಲಿಮೀಟರ್ ಇಳಿಯುತ್ತದೆ.

ಬಾಗುವಿಕೆ

ಸುಮಾರು 100 ಕಿಲೋ ತೂಕದ ವ್ಯಕ್ತಿ ಹಲಗೆಯ ಮೇಲೆ ನಿಂತರೆ ಬೀಳುವ ಬಲ 980 ನ್ಯೂಟನ್. ಚಾಸಿಯ ಹೊರಮೈಯಿಂದ ಕಾಲಿಡುವ ಜಾಗಕ್ಕೆ 400 ಮಿಲಿಮೀಟರ್ ದೂರವಿದ್ದರೆ ಬ್ರಾಕೆಟ್ಟಿನ ಬುಡದ ಮೇಲೆ 390 ನ್ಯೂಟನ್ ಮೀಟರಿಗೂ ಸ್ವಲ್ಪ ಹೆಚ್ಚಿನ ಬಾಗುಬಲ ಬೀಳುತ್ತದೆ. ಜಿಗಿದು ಇಳಿಯುವಾಗ, ಇಲ್ಲವೇ ನಿಂತವರಿರುವಂತೆಯೇ ವಾಹನ ಹಳ್ಳಕ್ಕೆ ಇಳಿದಾಗ, ಇದು ಇಮ್ಮಡಿಯಾಗುತ್ತದೆ ಎಂದು ಎಣಿಸಿಯೇ ಲೆಕ್ಕ ಹಾಕಬೇಕು.

50 ಮಿಲಿಮೀಟರ್ ಚೌಕದ, 3 ಮಿಲಿಮೀಟರ್ ದಪ್ಪದ ಉಕ್ಕಿನ ಪೈಪನ್ನು ಬ್ರಾಕೆಟ್ಟಿನ ತೋಳಾಗಿ ಬಳಸಿದ್ದರೆ, ಇಡೀ ಭಾರ ಅದೊಂದರ ಮೇಲೆಯೇ ಬಿದ್ದರೂ ಅದರ ತುದಿ ಬಾಗುವುದು ಸುಮಾರು ಅರ್ಧ ಮಿಲಿಮೀಟರ್ ಮಾತ್ರ, ಒಳಗಿನ ಒತ್ತಡ 50 ಮೆಗಾಪಾಸ್ಕಲ್‌ಗಿಂತ ಕಡಿಮೆ. ಸಾಧಾರಣ ಉಕ್ಕು ಶಾಶ್ವತವಾಗಿ ಬಾಗತೊಡಗುವುದು 250 ಮೆಗಾಪಾಸ್ಕಲ್ ಆಸುಪಾಸಿನಲ್ಲಿ. ಹಾಗಾಗಿ ಇಂಥ ತೋಳುಳ್ಳ ಹಲಗೆಯ ಹೊರ ಅಂಚು ಒಂದು ಸೆಂಟಿಮೀಟರ್ ಇಳಿಯುತ್ತಿದ್ದರೆ ತೋಳನ್ನು ದೂರುವುದಕ್ಕೆ ಆಧಾರವಿಲ್ಲ, ದಪ್ಪನೆಯ ಪೈಪು ಹಾಕುವುದರಿಂದ ಪ್ರಯೋಜನವೂ ಇಲ್ಲ. ಇದೇ ತೋಳನ್ನು 50 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ಪಟ್ಟಿಯಲ್ಲಿ ಮಾಡಿದ್ದರೆ ಕಥೆ ಬೇರೆ. ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದ್ದರೆ ಒತ್ತಡ ಸುಮಾರು 157 ಮೆಗಾಪಾಸ್ಕಲ್, ಜಿಗಿತದ ಭಾರಕ್ಕೆ ಅದು ಸಹನೆಯ ಮಿತಿ ದಾಟುತ್ತದೆ. ಅದೇ ಪಟ್ಟಿಯನ್ನು ಮಟ್ಟಸವಾಗಿ ಮಲಗಿಸಿದ್ದರೆ ನಿಂತ ಭಾರಕ್ಕೇ ಲೆಕ್ಕದ ಒತ್ತಡ 1300 ಮೆಗಾಪಾಸ್ಕಲ್ ದಾಟುತ್ತದೆ, ಎಂದರೆ ಅದು ಮೊದಲ ದಿನವೇ ಬಾಗಿ ನಿಲ್ಲುತ್ತದೆ. ಮಲಗಿಸಿದ ಪಟ್ಟಿಯ ಬ್ರಾಕೆಟ್ಟು ಕಂಡರೆ ಬೇರೆ ಪರೀಕ್ಷೆಯ ಅಗತ್ಯವೇ ಇಲ್ಲ, ಅದನ್ನು ತೆಗೆದುಹಾಕಬೇಕು.

ತೋಳು ಸರಿಯಿದ್ದೂ ಹಲಗೆ ಇಳಿಯುತ್ತಿದ್ದರೆ ಬುಡವನ್ನು ನೋಡಬೇಕು. ಬುಡದ ಬೋಲ್ಟುಗಳ ನಡುವಣ ಲಂಬ ಅಂತರ ಇಲ್ಲಿ ನಿರ್ಣಾಯಕ. ಮೇಲಿನ ಬೋಲ್ಟಿಗೂ ತಟ್ಟೆಯ ಕೆಳ ಆಸರೆಗೂ 60 ಮಿಲಿಮೀಟರ್ ಅಂತರವಿದ್ದರೆ ಮೇಲಿನ ಬೋಲ್ಟಿನ ಸೆಳೆತ ಸುಮಾರು 6500 ನ್ಯೂಟನ್. ಅಂತರವನ್ನು 120 ಮಿಲಿಮೀಟರಿಗೆ ಏರಿಸಿದರೆ ಸೆಳೆತ ಅರ್ಧಕ್ಕೆ ಇಳಿಯುತ್ತದೆ. ಎರಡೂ ಬೋಲ್ಟುಗಳನ್ನು ಒಂದೇ ಮಟ್ಟದಲ್ಲಿ ಅಕ್ಕಪಕ್ಕ ಹಾಕಿದ ಬ್ರಾಕೆಟ್ಟು ನೋಡಲು ಗಟ್ಟಿಯಾಗಿದ್ದರೂ ಬಾಗುಬಲವನ್ನು ತಡೆಯಲು ಅದಕ್ಕೆ ಹಿಡಿತವೇ ಇರುವುದಿಲ್ಲ. ಕಟ್ಟುವ ಹಂತದಲ್ಲಿ ಅತಿ ಹೆಚ್ಚು ಗಮನ ಬೇಡುವುದು ಈ ಲಂಬ ಅಂತರವೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಲವೊಮ್ಮೆ ಬೋಲ್ಟು, ತಟ್ಟೆ ಎರಡೂ ಸರಿಯಿದ್ದು ಚಾಸಿಯ ಗೋಡೆಯೇ ಒಳಗೆ ಹೊರಗೆ ಉಸಿರಾಡುವುದುಂಟು. ತೆರೆದ ಚಾನೆಲ್ ಆಕಾರದ ಚಾಸಿಯಲ್ಲಿ, ಲಂಬ ಗೋಡೆಯ ನಟ್ಟನಡುವೆ ಸಣ್ಣ ವಾಷರ್ ಹಾಕಿ ಬಿಗಿದಾಗ ಇದು ಸಾಮಾನ್ಯ. ಡಯಲ್ ಗೇಜಿನ ಮುಳ್ಳನ್ನು ಬೋಲ್ಟಿನ ಪಕ್ಕದಲ್ಲಿ ಚಾಸಿಯ ಮೈಗೇ ತಾಗಿಸಿ ಹಲಗೆಗೆ ಭಾರ ಕೊಟ್ಟರೆ ತಿಳಿಯುತ್ತದೆ. ಪರಿಹಾರವೆಂದರೆ ಗೋಡೆಯ ಒಳಗಡೆ ಅಗಲವಾದ ಆನಿಕೆ ತಟ್ಟೆ ಕೊಟ್ಟು ಭಾರವನ್ನು ಮೇಲಿನ ಮತ್ತು ಕೆಳಗಿನ ಮಡಿಕೆಗಳ ಹತ್ತಿರಕ್ಕೆ ಹಂಚುವುದು. ಪೆಟ್ಟಿಗೆಯಾಕಾರದ ಚಾಸಿಯಲ್ಲಿ ಬೋಲ್ಟನ್ನು ಎರಡೂ ಗೋಡೆಗಳ ಮೂಲಕ ಹಾಯಿಸಿದ್ದರೆ ಒಳಗೆ ಉಕ್ಕಿನ ಕೊಳವೆಯೊಂದನ್ನು ಆಸರೆಯಾಗಿ ಇಟ್ಟಿರಲೇಬೇಕು, ಇಲ್ಲವಾದರೆ ಬಿಗಿದಷ್ಟೂ ಗೋಡೆಗಳು ಒಳಕ್ಕೆ ಕುಸಿಯುತ್ತವೆಯೇ ಹೊರತು ಬೋಲ್ಟಿಗೆ ಬಿಗಿತ ಬರುವುದಿಲ್ಲ. ಚಾಸಿಯ ಮೇಲಿನ ಮತ್ತು ಕೆಳಗಿನ ಮಡಿಕೆಗಳಲ್ಲಿ ಮಾತ್ರ ಹೊಸ ರಂಧ್ರ ಕೊರೆಯಬಾರದು, ಬಾಗುವ ಒತ್ತಡ ಅತಿ ಹೆಚ್ಚಿರುವುದು ಅಲ್ಲಿಯೇ. ತಯಾರಕರು ಬಿಟ್ಟಿರುವ ರಂಧ್ರಗಳು ಸಿಕ್ಕರೆ ಅವನ್ನೇ ಬಳಸುವುದು ಎಲ್ಲ ರೀತಿಯಿಂದಲೂ ಮೇಲು.

ಇನ್ನು ಹಲಗೆಯೇ ನಡುವೆ ಬಾಗುವ ಪ್ರಕರಣ. ಆಸರೆಗಳ ನಡುವಣ ಅಂತರ ಇಮ್ಮಡಿಯಾದರೆ ಬಾಗುವಿಕೆ ಎಂಟು ಪಟ್ಟಾಗುತ್ತದೆ, ಹಾಗಾಗಿ ಎರಡು ಬ್ರಾಕೆಟ್ಟುಗಳ ನಡುವೆ ಮೂರನೆಯದೊಂದನ್ನು ಸೇರಿಸುವುದು ಹಲಗೆಯ ದಪ್ಪ ಹೆಚ್ಚಿಸುವುದಕ್ಕಿಂತ ಎಷ್ಟೋ ಪರಿಣಾಮಕಾರಿ. ಉಕ್ಕಿನ ಅಳತೆಯಲ್ಲೇ ಅಲ್ಯೂಮಿನಿಯಂ ಹಾಕಿದ್ದರೆ ಹಲಗೆ ಸುಮಾರು ಮೂರು ಪಟ್ಟು ಹೆಚ್ಚು ಬಾಗುತ್ತದೆ, ಏಕೆಂದರೆ ಅಲ್ಯೂಮಿನಿಯಮಿನ ಬಿಗಿತ (ಬಾಗದೆ ತಡೆಯುವ ಗುಣ) ಉಕ್ಕಿನದರ ಮೂರನೇ ಒಂದು ಪಾಲು. ತಿರುಚುವಿಕೆಯ ವಿಷಯದಲ್ಲಿ ಲೋಹಕ್ಕಿಂತ ಆಕಾರ ಮುಖ್ಯ: ತಗಡನ್ನು ಮೂರು ಕಡೆ ಮಡಿಚಿ ಮಾಡಿದ ತೆರೆದ ಹಲಗೆ ಎಷ್ಟು ದಪ್ಪವಿದ್ದರೂ ತಿರುಚಿಕೊಳ್ಳುತ್ತದೆ, ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಮುಚ್ಚಿದ ಪೈಪು ಹಾಯಿಸಿದರೆ ನಿಲ್ಲುತ್ತದೆ.

ಸದ್ದು

ಸದ್ದಿನ ಮೂಲ ಹುಡುಕುವಾಗ ಕಿವಿಯನ್ನು ಪೂರ್ತಿಯಾಗಿ ನಂಬುವಂತಿಲ್ಲ, ಏಕೆಂದರೆ ಉದ್ದನೆಯ ಲೋಹದ ಹಲಗೆ ಒಂದು ತುದಿಯ ಸದ್ದನ್ನು ಇನ್ನೊಂದು ತುದಿಗೆ ಒಯ್ಯುತ್ತದೆ. ಕಣ್ಣಿಗೆ ಕಾಣುವ ಗುರುತುಗಳೇ ಹೆಚ್ಚು ಪ್ರಾಮಾಣಿಕ. ಎರಡು ಲೋಹಗಳು ಉಜ್ಜುವ ಕಡೆ ಬಣ್ಣ ಸವೆದು ಹೊಳಪು ಬಂದಿರುತ್ತದೆ. ಬೋಲ್ಟಿನ ಕೀಲು ಜಾರುತ್ತಿದ್ದರೆ ವಾಷರಿನ ಸುತ್ತ ನುಣ್ಣನೆಯ ಕೆಂಗಂದು ಪುಡಿ ಕೂತಿರುತ್ತದೆ. ಈ ಪುಡಿಯನ್ನು ಸಾಮಾನ್ಯ ತುಕ್ಕು ಎಂದು ಒರೆಸಿಬಿಡುವವರೇ ಹೆಚ್ಚು. ಬೋಲ್ಟಿನ ಸುತ್ತ ಮಾತ್ರ ಇದ್ದು ಉಳಿದ ಕಡೆ ಬಣ್ಣ ಚೆನ್ನಾಗಿದ್ದರೆ ಅದು ಮಳೆಯಿಂದ ಬಂದ ತುಕ್ಕಲ್ಲ, ಉಜ್ಜಾಟದಿಂದ ಹುಟ್ಟಿದ್ದು.

ಓಡುವಾಗ ಮಾತ್ರ ಬರುವ ಕಟಕಟ ಸದ್ದಿಗೆ ಮೊದಲು ಶಂಕಿಸಬೇಕಾದ್ದು ಕ್ಯಾಬಿನ್ ಮತ್ತು ಹಲಗೆಯ ನಡುವಣ ತೆರಪನ್ನು. ಹಲಗೆ ಚಾಸಿಗೆ ಬಿಗಿದಿದ್ದರೆ ಅದರ ಒಳ ಅಂಚು ಬಾಡಿಗೆ ಎಲ್ಲಿಯೂ ತಾಗಬಾರದು. ಮೆತ್ತನೆಯ ಜೇಡಿಯ ಉಂಡೆಗಳನ್ನು ಒಳ ಅಂಚಿಗೂ ಬಾಡಿಗೂ ನಡುವೆ ಮೂರು ನಾಲ್ಕು ಕಡೆ ಅಂಟಿಸಿ, ಒರಟು ರಸ್ತೆಯಲ್ಲಿ ಒಂದಿಷ್ಟು ದೂರ ಓಡಿಸಿ ಬಂದು, ಉಂಡೆ ಎಷ್ಟು ತೆಳುವಾಗಿದೆ ಎಂದು ನೋಡಿದರೆ ಓಟದಲ್ಲಿ ಉಳಿದ ನಿಜವಾದ ತೆರಪು ಗೊತ್ತಾಗುತ್ತದೆ. ನಿಂತಾಗ 15 ಮಿಲಿಮೀಟರ್ ತೆರಪು ಇರಲಿ ಎಂಬುದು ನನ್ನ ಸಲಹೆ. ಮೌಂಟಿನ ರಬ್ಬರು ಹಳತಾದ ವಾಹನಕ್ಕೆ ಇನ್ನೂ ಹೆಚ್ಚು ಬೇಕಾದೀತು.

ಹಲಗೆಯ ಒಂದು ಕಾಲು ಚಾಸಿಗೂ ಇನ್ನೊಂದು ಆಸರೆ ಬಾಡಿಯ ಅಂಚಿಗೂ ಬಿಗಿದಿದ್ದರೆ ಅದು ಸದ್ದಿಗಿಂತ ಗಂಭೀರವಾದ ದೋಷ. ಕ್ಯಾಬಿನ್ನನ್ನು ಚಾಸಿಯಿಂದ ಬೇರ್ಪಡಿಸಲೆಂದೇ ಕೊಟ್ಟ ರಬ್ಬರಿನ ಕೆಲಸವನ್ನು ಈ ಕಬ್ಬಿಣದ ಕೊಂಡಿ ರದ್ದುಮಾಡುತ್ತದೆ, ಪ್ರತಿ ಹಳ್ಳದಲ್ಲೂ ತೆಳುವಾದ ಬಾಡಿ ತಗಡನ್ನು ಎಳೆಯುತ್ತದೆ. ಮೊದಲು ಕಿರುಗುಟ್ಟುತ್ತದೆ, ಆಮೇಲೆ ಬಣ್ಣ ಒಡೆಯುತ್ತದೆ, ಕೊನೆಗೆ ಬಾಡಿಯ ಬೆಸುಗೆ ಅಂಚೇ ಹರಿಯುತ್ತದೆ. ಬಾಗಿಲು ಮುಚ್ಚುವಾಗ ಮೊದಲಿಲ್ಲದ ಬಿಗಿ ಕಂಡುಬಂದರೂ ಇದನ್ನೇ ಶಂಕಿಸಬೇಕು. ಬಾಡಿ ಕಡೆಯ ಬೋಲ್ಟುಗಳನ್ನು ತೆಗೆದು ಒಮ್ಮೆ ಓಡಿಸಿ ಸದ್ದು ನಿಲ್ಲುತ್ತದೆಯೇ ನೋಡಬೇಕು. ನಿಂತರೆ ಆ ಆಸರೆಯನ್ನು ಮತ್ತೆ ಹಾಕಬಾರದು, ಬದಲಿಗೆ ಚಾಸಿಯ ಕಡೆ ಇನ್ನೊಂದು ಬ್ರಾಕೆಟ್ಟು ಕೊಡಬೇಕು. ಕ್ಯಾಬಿನ್ನನ್ನು ದಾಟಿ ಸರಕುತೊಟ್ಟಿಯ ಅಡಿಯವರೆಗೆ ಚಾಚಿದ ಉದ್ದ ಹಲಗೆಗಳಿಗೂ ಇದೇ ನಿಯಮ: ಕ್ಯಾಬಿನ್ನಿಗೂ ತೊಟ್ಟಿಗೂ ತಾಗದೆ ಚಾಸಿಯೊಂದಕ್ಕೇ ನೇತಿರಬೇಕು.

ವೇಗ ಹೆಚ್ಚಿದಾಗ ಮಾತ್ರ ಕೇಳುವ ಶಿಳ್ಳೆಯಂಥ ಸದ್ದು ತುದಿ ಮುಚ್ಚದ ಪೈಪಿನದು. ತುದಿಗೆ ತಾತ್ಕಾಲಿಕವಾಗಿ ಟೇಪು ಸುತ್ತಿ ಓಡಿಸಿದರೆ ಖಚಿತವಾಗುತ್ತದೆ.

ಮತ್ತೆ ಮತ್ತೆ ಸಡಿಲವಾಗುವ ಬೋಲ್ಟು

ಬಿಗಿದ ಬೋಲ್ಟು ಸಡಿಲವಾಯಿತೆಂದರೆ ಅದನ್ನು ಇನ್ನಷ್ಟು ಬಲವಾಗಿ ಬಿಗಿಯುವ ಮುನ್ನ, ನಟ್ಟು ತಿರುಗಿತೇ ಅಥವಾ ನಟ್ಟು ತಿರುಗದೆಯೇ ಬಿಗಿತ ಹೋಯಿತೇ ಎಂಬುದನ್ನು ಬೇರ್ಪಡಿಸಬೇಕು. ನಿಗದಿತ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಬಿಗಿದ ಮೇಲೆ ನಟ್ಟು, ಬೋಲ್ಟು, ತಟ್ಟೆ ಮೂರರ ಮೇಲೂ ಹಾಯುವಂತೆ ಬಣ್ಣದ ಗೆರೆಯೊಂದನ್ನು ಎಳೆಯಬೇಕು. ಕೆಲವು ದಿನ ಓಡಿಸಿದ ಮೇಲೆ ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ. ಗೆರೆ ಹಾಗೆಯೇ ಇದ್ದು ಟಾರ್ಕ್ ರೆಂಚು ಮಾತ್ರ ಸಡಿಲಿಕೆ ತೋರಿಸಿದರೆ, ನಡುವೆ ಇರುವ ಏನೋ ಒಂದು ಕುಸಿದಿದೆ.

ಕುಸಿಯುವ ವಸ್ತು ಬಹುಮಟ್ಟಿಗೆ ಬಣ್ಣ ಅಥವಾ ರಬ್ಬರು. ತಟ್ಟೆಯ ಎರಡೂ ಮೈಗೆ ದಪ್ಪನಾಗಿ ಪೌಡರ್ ಕೋಟಿಂಗ್ ಮಾಡಿಸಿ ಅದರ ಮೇಲೆಯೇ ಬೋಲ್ಟು ಬಿಗಿದರೆ, ಆ ಪದರ ಒತ್ತಡಕ್ಕೆ ನಿಧಾನವಾಗಿ ಹಿಂಡಿಕೊಂಡು ಹೊರಸರಿಯುತ್ತದೆ, ಬೋಲ್ಟಿನ ಸೆಳೆತ ಅಷ್ಟರಮಟ್ಟಿಗೆ ಇಳಿಯುತ್ತದೆ. ತಾಗುವ ಮೈಗಳಿಗೆ ಪೌಡರ್ ಕೋಟಿಂಗಿನ ಮುನ್ನವೇ ಟೇಪು ಹಚ್ಚಿಸಿ, ಆಮೇಲೆ ತೆಳುವಾದ ಪ್ರೈಮರ್ ಮಾತ್ರ ಬಳಿಯಬೇಕು. ಸದ್ದು ಕಡಿಮೆಯಾಗಲೆಂದು ಬ್ರಾಕೆಟ್ಟಿಗೂ ಚಾಸಿಗೂ ನಡುವೆ ಇಟ್ಟ ರಬ್ಬರ್ ತುಂಡು ಇದಕ್ಕಿಂತ ಕೆಟ್ಟದ್ದು. ರಬ್ಬರು ಬೇಕೇ ಬೇಕೆಂದಿದ್ದರೆ ಬೋಲ್ಟಿನ ಸುತ್ತ ಉಕ್ಕಿನ ಗಿಡ್ಡ ಕೊಳವೆ ಕೊಟ್ಟು, ಬೋಲ್ಟಿನ ಬಿಗಿತ ಆ ಉಕ್ಕಿನ ಮೂಲಕ ಹಾಯುವಂತೆ ಮಾಡಬೇಕು.

ನಟ್ಟು ತಿರುಗುತ್ತಿದ್ದರೆ ಕಾರಣ ಅಡ್ಡ ಜಾರಾಟ. ಬೋಲ್ಟಿನ ಉದ್ದಕ್ಕೆ ಬೀಳುವ ಬಲಕ್ಕಿಂತ ಅಡ್ಡಕ್ಕೆ ಜಾರಿಸುವ ಕಂಪನವೇ ನಟ್ಟನ್ನು ತಾನಾಗಿ ಬಿಚ್ಚುತ್ತದೆ ಎಂಬುದನ್ನು ಜರ್ಮನ್ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತಮ್ಮ ಪ್ರಯೋಗಗಳಿಂದ ತೋರಿಸಿಕೊಟ್ಟರು. ಈ ಜಾರಾಟದ ಮುಂದೆ ಸೀಳುಳ್ಳ ಸ್ಪ್ರಿಂಗ್ ವಾಷರಿನಿಂದ ಹೆಚ್ಚಿನ ಉಪಯೋಗವಿಲ್ಲ. ಉಪಯೋಗಕ್ಕೆ ಬರುವುದು ಮೊದಲಿಗೆ ಸಾಕಷ್ಟು ಬಿಗಿತ, ಎರಡನೆಯದಾಗಿ ಬೋಲ್ಟಿಗೆ ಹೊಂದುವ ರಂಧ್ರ. 10 ಮಿಲಿಮೀಟರ್ ಬೋಲ್ಟಿಗೆ 11 ಮಿಲಿಮೀಟರ್ ರಂಧ್ರ ಸಾಕು. ಹೊಂದಾಣಿಕೆಗೆಂದು ಗ್ಯಾಸಿನಲ್ಲಿ ಕೊರೆದ ಅಗಲವಾದ ಉದ್ದ ತೂತುಗಳು ಜಾರಾಟಕ್ಕೆ ಬಾಗಿಲು ತೆರೆದಂತೆ. ಅದಾದ ಮೇಲೆ ನೈಲಾನ್ ಬಳೆಯುಳ್ಳ ಲಾಕ್ ನಟ್ಟು ಅಥವಾ ಮಧ್ಯಮ ಬಲದ ಥ್ರೆಡ್ ಲಾಕ್ ದ್ರವ. ಲಾಕ್ ನಟ್ಟನ್ನು ಪದೇಪದೇ ಬಳಸಬಾರದು, ದ್ರವ ಹಾಕುವ ಮುನ್ನ ಥ್ರೆಡ್ಡಿನ ಎಣ್ಣೆ ಜಿಡ್ಡನ್ನು ಪೂರ್ತಿ ತೆಗೆದಿರಬೇಕು.

ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಬಲದ ದರ್ಜೆಯ ಗುರುತು ಇರಬೇಕು. ಗುರುತಿಲ್ಲದ ಬೋಲ್ಟಿಗೆ ಈ ಕೆಲಸದಲ್ಲಿ ಜಾಗವಿಲ್ಲ. 8.8 ದರ್ಜೆಯ 10 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 45ರಿಂದ 50 ನ್ಯೂಟನ್ ಮೀಟರ್, 12 ಮಿಲಿಮೀಟರಿನದಕ್ಕೆ 80ರಿಂದ 85 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಾರೆ. ಥ್ರೆಡ್ಡಿಗೆ ಗ್ರೀಸು ಹಚ್ಚಿದ್ದರೆ ಅದೇ ಟಾರ್ಕಿಗೆ ಬೋಲ್ಟು ಹೆಚ್ಚು ಸೆಳೆಯಲ್ಪಡುವುದರಿಂದ ಅಂಕಿಯನ್ನು ಇಳಿಸಬೇಕು, ಚಾಸಿಯ ಮೂಲ ನಟ್ಟುಗಳಿಗೆ ಬಿಗಿಯುವಾಗ ವಾಹನದ ಪುಸ್ತಕದಲ್ಲಿರುವ ಅಂಕಿಯೇ ಅಂತಿಮ. ತೆಳು ತಗಡಿಗೆ ಹಾಕಿದ ರಿವೆಟ್ ನಟ್ಟು ತನ್ನ ರಂಧ್ರದಲ್ಲೇ ಸುತ್ತುತ್ತಿದ್ದರೆ ಅದನ್ನು ಕೊರೆದು ತೆಗೆದು, ಹಿಂದೆ ತಟ್ಟೆ ಕೊಟ್ಟು ಹಾಯುಬೋಲ್ಟು ಹಾಕುವುದೇ ದಾರಿ.

ಬಿರುಕು

ಬಿರುಕು ಎಲ್ಲಿದೆ ಎಂಬುದೇ ಅದು ಏಕೆ ಬಂತೆಂದು ಹೇಳುತ್ತದೆ. ಆದ್ದರಿಂದ ಗ್ರೈಂಡರು ಕೈಗೆತ್ತಿಕೊಳ್ಳುವ ಮೊದಲು ಬಿರುಕಿನ ಜಾಗ, ಉದ್ದ, ದಿಕ್ಕನ್ನು ಚಿತ್ರ ತೆಗೆದಿಟ್ಟುಕೊಳ್ಳಬೇಕು; ಉಜ್ಜಿದ ಮೇಲೆ ಸಾಕ್ಷ್ಯ ಉಳಿಯುವುದಿಲ್ಲ.

ತೋಳಿನ ಮೇಲ್ಮೈಯಲ್ಲಿ, ಬೆಸುಗೆ ಮುಗಿದು ಪೈಪು ಶುರುವಾಗುವ ಗೆರೆಯಲ್ಲಿ ಬಿರುಕಿದ್ದರೆ ಅದು ಪದೇಪದೇ ಬಾಗಿದ ದಣಿವಿನಿಂದ ಬಂದದ್ದು. ಮೇಲ್ಮೈಯೇ ಸೆಳೆತಕ್ಕೆ ಒಳಗಾಗುವ ಮೈ, ಬೆಸುಗೆಯ ಅಂಚೇ ಒತ್ತಡ ಗುಂಪಾಗುವ ಜಾಗ, ಅಲ್ಲಿ ಬೆಸುಗೆಗಾರ ಪೈಪನ್ನು ಕೊರೆದಂತೆ ತೋಡು ಬಿಟ್ಟಿದ್ದರೆ ಬಿರುಕಿಗೆ ಬೀಜ ಬಿದ್ದಂತೆಯೇ. ಬೆಸುಗೆಯನ್ನು ಪೈಪಿನ ಮೂಲೆಯಲ್ಲೇ ನಿಲ್ಲಿಸಿದ್ದರೂ ಹೀಗೆಯೇ ಆಗುತ್ತದೆ; ಮೂಲೆಯನ್ನು ಸುತ್ತಿ ದಾಟಿ ಚಪ್ಪಟೆ ಮೈಯಲ್ಲಿ ನಿಲ್ಲಿಸಬೇಕು. ಬಲಕ್ಕೆಂದು ಕೊಟ್ಟ ತ್ರಿಕೋನದ ಆನಿಕೆಯ ಚೂಪುತುದಿಯಲ್ಲಿ ಬಿರುಕು ಬಂದಿದ್ದರೆ, ಆನಿಕೆ ಬಿಗಿತವನ್ನು ಒಂದೇ ಬಿಂದುವಿನಲ್ಲಿ ಥಟ್ಟನೆ ಕಡಿಯುತ್ತಿದೆ ಎಂದರ್ಥ. ಅದರ ತುದಿಯನ್ನು ಒಳಬಾಗಿನ ಆಕಾರಕ್ಕೆ ಕತ್ತರಿಸಿ ನಿಧಾನವಾಗಿ ತೆಳುವಾಗಿಸಿದರೆ ಒತ್ತಡ ಹರಡಿಕೊಳ್ಳುತ್ತದೆ. ದೊಡ್ಡ ಆನಿಕೆ ಹಾಕಿದರೆ ಬಿರುಕು ಇನ್ನೂ ಆಚೆಗೆ ಸರಿಯುತ್ತದೆ, ಅಷ್ಟೇ.

ಹಲಗೆಯ ಪೈಪಿನ ಗೋಡೆಯ ನಡುವೆ ಸಣ್ಣ ತಟ್ಟೆಯೊಂದನ್ನು ಬೆಸೆದು ಬ್ರಾಕೆಟ್ಟಿಗೆ ಕೂಡಿಸಿದ ಕಡೆ ತಟ್ಟೆಯ ಸುತ್ತ ಚೌಕಾಕಾರದಲ್ಲಿ ಬಿರುಕು ಹಬ್ಬುವುದನ್ನು ಕಾಣಬಹುದು. ತಟ್ಟೆ ಪೈಪಿಗಿಂತ ಕಿರಿದಾಗಿರುವುದರಿಂದ ಭಾರವೆಲ್ಲ ತೆಳುಗೋಡೆಯ ನಡುಭಾಗವನ್ನು ತಳ್ಳಿ ಎಳೆಯುತ್ತದೆ. ತಟ್ಟೆಯನ್ನು ಪೈಪಿನ ಪೂರ್ತಿ ಅಗಲಕ್ಕೆ ಚಾಚಿ, ಭಾರ ಪಕ್ಕದ ಗೋಡೆಗಳಿಗೆ ನೇರವಾಗಿ ಇಳಿಯುವಂತೆ ಮಾಡದ ಹೊರತು ಎಷ್ಟು ಸಲ ಬೆಸೆದರೂ ಅಲ್ಲಿಯೇ ಒಡೆಯುತ್ತದೆ. ಬೋಲ್ಟಿನ ರಂಧ್ರದ ಅಂಚಿನಿಂದ ಹೊರಟ ಬಿರುಕಾದರೆ, ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದೆಯೇ ನೋಡಬೇಕು. ತಿರುಗಿದ್ದರೆ ಬಿರುಕು ಬರಿಯ ಲಕ್ಷಣ, ರೋಗ ಮೇಲೆ ಹೇಳಿದ ಜಾರಾಟ.

ಮುರಿದುಹೋದ ತುಂಡು ಕೈಗೆ ಸಿಕ್ಕರೆ ಅದರ ಮುರಿದ ಮೈಯನ್ನು ಓರೆ ಬೆಳಕಿನಲ್ಲಿ ನೋಡಬೇಕು. ಒಂದು ಮೂಲೆಯಿಂದ ಹೊರಟ ಬಾಗಿದ ಗೆರೆಗಳ ಸಾಲು ಕಂಡರೆ ಅದು ದಣಿವಿನ ಬಿರುಕು, ಗೆರೆಗಳ ಕೇಂದ್ರವೇ ಹುಟ್ಟಿದ ಜಾಗ. ಒಳಗಿನ ಒಂದು ಪಾಲು ತುಕ್ಕುಹಿಡಿದು ಉಳಿದದ್ದು ಹೊಳೆಯುತ್ತಿದ್ದರೆ, ತುಕ್ಕಿನ ಪಾಲು ಬಹಳ ಹಿಂದೆಯೇ ಬಿರಿದಿತ್ತು. ಬೆಸುಗೆಯೇ ತಟ್ಟೆಯಿಂದ ಸಿಪ್ಪೆಯಂತೆ ಎದ್ದುಬಂದು ಕೆಳಗಿನ ಲೋಹದ ಮೂಲ ಮೈ ಹಾಗೆಯೇ ಕಾಣುತ್ತಿದ್ದರೆ ಬೆಸುಗೆ ಕರಗಿ ಬೆರೆತೇ ಇರಲಿಲ್ಲ. ಅದೇ ದಿನ ಅದೇ ಕೈಯಿಂದ ಆದ ಉಳಿದ ಬೆಸುಗೆಗಳನ್ನೂ ನಂಬುವಂತಿಲ್ಲ.

ಬಿರುಕಿನ ನಿಜವಾದ ಉದ್ದ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚಿರುತ್ತದೆ. ಬಣ್ಣ ತೆಗೆದು, ಜಿಡ್ಡು ಒರೆಸಿ, ಕೆಂಪು ಪೆನಿಟ್ರಂಟ್ ದ್ರವ ಸಿಂಪಡಿಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಹಾಕಿದರೆ ಬಿರುಕು ಕೆಂಪು ಗೆರೆಯಾಗಿ ಮೂಡುತ್ತದೆ. ಅದು ಸಿಗದ ಕಡೆ ಸೀಮೆಎಣ್ಣೆ ಹಚ್ಚಿ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸುವ ಹಳೆಯ ಕ್ರಮವೂ ದೊಡ್ಡ ಬಿರುಕುಗಳನ್ನು ತೋರಿಸುತ್ತದೆ, ಆದರೆ ಬೆಸೆಯುವ ಮುನ್ನ ಎಣ್ಣೆಯನ್ನು ಪೂರ್ತಿ ತೆಗೆದಿರಬೇಕು. ಬಿರುಕಿನ ತುದಿ ತಿಳಿದ ಮೇಲೆ ಅಲ್ಲೊಂದು ಸಣ್ಣ ರಂಧ್ರ ಕೊರೆದು ಅದರ ಓಟ ನಿಲ್ಲಿಸಿ, ಉದ್ದಕ್ಕೂ ತೋಡು ಮಾಡಿ ಆಳದಿಂದ ಬೆಸೆದು ತುಂಬಬೇಕು. ಅಲ್ಯೂಮಿನಿಯಂ ಹಲಗೆಗಳಲ್ಲಿ ಇಷ್ಟರಿಂದ ಆಗುವುದಿಲ್ಲ. 6061-ಟಿ6 ದರ್ಜೆಯ ಅಲ್ಯೂಮಿನಿಯಂ ಬೆಸುಗೆಯ ಕಾವು ತಗುಲಿದ ಪಟ್ಟಿಯಲ್ಲಿ ತನ್ನ ಬಲದ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ, ಮತ್ತೆ ಬೆಸೆದಷ್ಟೂ ಆ ಮೆದು ಪಟ್ಟಿ ಅಗಲವಾಗುತ್ತದೆ. ಬಿರಿದ ಅಲ್ಯೂಮಿನಿಯಂ ಬ್ರಾಕೆಟ್ಟನ್ನು ಬದಲಿಸುವುದೇ ಸರಿ.

ಬೆಸುಗೆ ಕೆಲಸವನ್ನು ಆದಷ್ಟೂ ಹಲಗೆಯನ್ನು ಬಿಚ್ಚಿ ಮೇಜಿನ ಮೇಲೆಯೇ ಮಾಡಬೇಕು. ವಾಹನದ ಮೇಲೆ ಮಾಡಲೇಬೇಕಾದರೆ ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿ, ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಿಡಿಸಬೇಕು. ಚಾಸಿಯ ಒಳಬದಿಯಲ್ಲಿ ಹಾಯುವ ಇಂಧನದ ಕೊಳವೆ, ಬ್ರೇಕ್ ಕೊಳವೆ, ತಂತಿಗಳ ಕಟ್ಟು ಎಲ್ಲಿವೆ ಎಂದು ಕಣ್ಣಾರೆ ನೋಡಿದ ಹೊರತು ಕಿಡಿ ಹೊತ್ತಿಸಬಾರದು. ಚಾಸಿಗೇ ಬೆಸೆಯುವುದನ್ನು ನಾನು ಒಪ್ಪುವುದಿಲ್ಲ. ಹೊಸ ವಾಹನಗಳ ಚಾಸಿ ಹೆಚ್ಚಿನ ಬಲದ ಉಕ್ಕಿನದಾಗಿದ್ದು ಕಾವಿನಿಂದ ಅದರ ಗುಣ ಕೆಡುತ್ತದೆ. ಸತುವಿನ ಲೇಪವಿರುವ ಪೈಪನ್ನು ಬೆಸೆಯುವಾಗ ಏಳುವ ಬಿಳಿ ಹೊಗೆ ಜ್ವರ ತರಿಸುತ್ತದೆ. ಲೇಪವನ್ನು ಮೊದಲು ಉಜ್ಜಿ ತೆಗೆದು, ಗಾಳಿಯಾಡುವ ಕಡೆ, ತಕ್ಕ ಮುಖಗವಸಿನೊಂದಿಗೆ ಕೆಲಸ ಮಾಡಬೇಕು.

ತುಕ್ಕು ಮತ್ತು ಬಿಳಿಪುಡಿ

ಪೈಪು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಗುಳ್ಳೆಯೇಳುವ ಹೊತ್ತಿಗೆ ಗೋಡೆ ಅರ್ಧ ಸವೆದಿರುತ್ತದೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಲೋಹ ಖಣಿಲ್ ಎನ್ನುತ್ತದೆ, ಸವೆದ ಕಡೆ ಸದ್ದು ಮಂದವಾಗುತ್ತದೆ. ತುದಿಗಳನ್ನು ಮುಚ್ಚಿದರೂ ಬೋಲ್ಟಿನ ತೂತುಗಳಿಂದ ನೀರು ಒಳಗೆ ಹೋಗುತ್ತದೆ, ಆದ್ದರಿಂದ ಅತಿ ತಗ್ಗಿನ ಜಾಗದಲ್ಲಿ 6ರಿಂದ 8 ಮಿಲಿಮೀಟರಿನ ರಂಧ್ರ ಇರಲೇಬೇಕು. ಇದ್ದರೆ ಅದು ಕೆಸರಿನಿಂದ ಮುಚ್ಚಿಹೋಗಿದೆಯೇ ಎಂದು ತಂತಿ ಹಾಕಿ ನೋಡಬೇಕು. ಅಲ್ಯೂಮಿನಿಯಂ ಹಲಗೆಗೆ ಸ್ಟೇನ್‌ಲೆಸ್ ಬೋಲ್ಟು ಹಾಕಿದ ಕಡೆ ಬಿಳಿಪುಡಿ ಕಾಣಿಸಿಕೊಂಡರೆ ಅದು ಎರಡು ಲೋಹಗಳು ಒದ್ದೆಯಲ್ಲಿ ತಾಗಿದ್ದರಿಂದ ಅಲ್ಯೂಮಿನಿಯಂ ಕರಗುತ್ತಿರುವ ಗುರುತು. ನೈಲಾನ್ ವಾಷರ್ ಮತ್ತು ಬೋಲ್ಟಿನ ಸುತ್ತ ಹಾಕುವ ನೈಲಾನ್ ಕೊಳವೆಯಿಂದ ಅವನ್ನು ಬೇರ್ಪಡಿಸಬೇಕು, ಆದರೆ ಬುಡದಲ್ಲಿ ಭಾರ ಹೊರುವ ಬೋಲ್ಟುಗಳಿಗೆ ನೈಲಾನ್ ಬೇಡ. ಅಲ್ಲಿ ಸತು ಲೇಪಿತ ಉಕ್ಕಿನ ಬೋಲ್ಟು ಮತ್ತು ತುಕ್ಕುನಿರೋಧಕ ಲೇಪವೇ ಸಾಕು.

ತಾಗಾಟ ಮತ್ತು ದೀಪ

ಮುಂದಿನ ಚಕ್ರವನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಹಲಗೆಯ ಮುಂತುದಿಯ ತೆರಪು ನೋಡಬೇಕು. ಸ್ಪ್ರಿಂಗು ಕುಗ್ಗಿದಾಗ ಚಕ್ರ ಇನ್ನೂ ಹಿಂದಕ್ಕೂ ಮೇಲಕ್ಕೂ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಟೈರಿನ ಪಕ್ಕದಲ್ಲಿ ಹೊಳಪಾದ ಪಟ್ಟೆ ಕಂಡರೆ ತಾಗುತ್ತಿದೆ. ಜಾಕ್ ಕೊಡುವ ಜಾಗವನ್ನು ಬ್ರಾಕೆಟ್ಟು ಮುಚ್ಚಿದ್ದರೆ ಅದನ್ನು ದೋಷವೆಂದೇ ಎಣಿಸಿ ಸರಿಸಬೇಕು. ಹೊಗೆಕೊಳವೆ ಹಲಗೆಯ ಸಮೀಪ ಹಾದಿದ್ದರೆ ರಬ್ಬರು, ಪ್ಲಾಸ್ಟಿಕ್ ಭಾಗಗಳು ಅಲ್ಲಿ ಉಳಿಯುವುದಿಲ್ಲ.

ಹಲಗೆಯ ದೀಪ ಮಿನುಗುತ್ತಿದ್ದರೆ ಅಥವಾ ಮಂಕಾಗಿದ್ದರೆ, ಅದು ಉರಿಯುತ್ತಿರುವಾಗಲೇ ದೀಪದ ತುದಿಗಳಲ್ಲಿ ಮತ್ತು ಬ್ಯಾಟರಿಯಲ್ಲಿ ವೋಲ್ಟೇಜ್ ಅಳೆದು ಹೋಲಿಸಬೇಕು. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಮೊದಲು ಅರ್ತ್ ಕೂಡಿಕೆಯನ್ನು ಬಿಚ್ಚಿ ಉಜ್ಜಬೇಕು. ಬಣ್ಣ ಬಳಿದ ಬ್ರಾಕೆಟ್ಟಿಗೆ ಕೊಟ್ಟ ಅರ್ತ್ ಇಂಥ ಕಡೆ ಸದಾ ಶಂಕಿತ.

ದುರಸ್ತಿಯ ಅನಂತರ

ಹಲಗೆಯನ್ನು ಮರಳಿ ಕೂರಿಸುವಾಗ ಎಲ್ಲ ಬೋಲ್ಟುಗಳನ್ನೂ ಮೊದಲು ಕೈಬಿಗಿತಕ್ಕೆ ತಂದು, ಹಲಗೆ ಎಳೆತವಿಲ್ಲದೆ ಕುಳಿತಿದೆಯೆಂದು ನೋಡಿದ ಮೇಲೆಯೇ ಟಾರ್ಕ್ ಕೊಡಬೇಕು. ರಂಧ್ರಗಳು ಹೊಂದದೆ ಸನ್ನೆಕೋಲಿನಿಂದ ಎಳೆದು ಬೋಲ್ಟು ತೂರಿಸಿದ ಹಲಗೆ ಭಾರವಿಲ್ಲದಿದ್ದಾಗಲೂ ಒತ್ತಡದಲ್ಲೇ ಇರುತ್ತದೆ. ಅನಂತರ ಮೊದಲಿನ ಮೂರು ಜಾಗಗಳಲ್ಲಿ, ಅದೇ ವ್ಯಕ್ತಿಯನ್ನು ನಿಲ್ಲಿಸಿ, ಅದೇ ಕ್ರಮದಲ್ಲಿ ಅಳೆದು ಹಳೆಯ ಅಂಕಿಗಳ ಪಕ್ಕದಲ್ಲಿ ಬರೆಯಬೇಕು. ಬುಡದಲ್ಲಿ ಫೀಲರ್ ಗೇಜಿನ 0.05 ಮಿಲಿಮೀಟರಿನ ಎಲೆಯೂ ತೂರಬಾರದು. ಹೊರ ಅಂಚಿನ ಇಳಿತ 3 ಮಿಲಿಮೀಟರಿನೊಳಗೆ ಇದ್ದರೆ ನಾನು ಒಪ್ಪಿಕೊಳ್ಳುತ್ತೇನೆ, ಅದನ್ನು ಮೀರಿದರೆ ಮತ್ತೆ ಬುಡದಿಂದ ಹುಡುಕಾಟ ಶುರುಮಾಡುತ್ತೇನೆ. ಬಣ್ಣದ ಗೆರೆಗಳನ್ನು ಎಳೆದು, ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ರೆಂಚಿನಿಂದ ಒಮ್ಮೆ, ಮುಂದೆ ಟೈರು ಬದಲಿಸಲು ವಾಹನ ಎತ್ತಿದಾಗಲೆಲ್ಲ ಬೆಸುಗೆಯ ಅಂಚುಗಳನ್ನು ಟಾರ್ಚಿನ ಬೆಳಕಿನಲ್ಲಿ ಒಮ್ಮೆ ನೋಡಬೇಕು.